ಎಳೆಯರಿಗೆ ಆನ್‌ಲೈನ್ ಶಾಲೆ ಸಲ್ಲುವುದೇ?

ಶಾಲೆಯೆಂದರೆ ಪಾಠವಷ್ಟೇ ಎಂದು ತಿಳಿದವರಿಗೆ ಆ ಪಾಠವನ್ನು ಯಾವ ದಾರಿಯಿಂದ ಕಳುಹಿಸಿದರೂ ಒಂದೇ. ಮೊಬೈಲಿಗೆ ಪಾಠ ತಲುಪಿತೆಂದರೆ ಶಾಲೆ ನಡೆಯಿತೆಂದೇ ಅವರ ಲೆಕ್ಕ. ಕಾಲೇಜು ವಿದ್ಯಾರ್ಥಿಗಳಾದ ನಮ್ಮ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಆದರೆ ಆರು ವರ್ಷದ ಮಗುವಿನ ವಿಷಯದಲ್ಲಿ ಇದು ಸಲ್ಲದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೊರೋನಾ ರೋಗದ ನಿಮಿತ್ತ 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ನಮ್ಮ ರಾಜ್ಯದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನನ್ನ ತಮ್ಮ ಒಂದನೆಯ ತರಗತಿಗೆ ಸೇರಿದ್ದು ಈ ನಡುವೆ. ಆಗ ಪ್ರೌಢಶಾಲೆಯಲ್ಲಿದ್ದ ನಾನು ಚಂದನ ವಾಹಿನಿಯ ‘ಸಂವೇದ’ ಪಾಠಗಳನ್ನು ನೋಡಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಏಕೆಂದರೆ ನನಗೆ ಓದು ಮೊದಲೇ ಬರುತ್ತಿತ್ತು. ತಮ್ಮನಿಗಾದರೋ ಓದಲು ಕಲಿಯುವುದೇ ಪಾಠ. ಉಪಾಧ್ಯಾಯರು ಮೊಬೈಲಿಗೆ ಕಳುಹಿಸುತ್ತಿದ್ದುದನ್ನು ಓದಿ ಹೇಳುವ ಭಾರ ನಮ್ಮ ತಾಯಿಯವರ ಮೇಲೆ ಬಿತ್ತು. ಅವರು ಓದಿದ್ದು ನಾಲ್ಕನೆಯ ತರಗತಿ. ಮನೆಯಲ್ಲಿದ್ದ ಒಂದೇ ಫೋನು ತಂದೆಯವರ ಸಂಗಡ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಿತ್ತು. ಅಷ್ಟರಲ್ಲಿ ಮಗುವಿಗೆ ನಿದ್ದೆ. “ಮೇಷ್ಟ್ರು ಪಕ್ಕದಲ್ಲಿ ಕೂತು ತಿದ್ದಿಸದೆ ಅಕ್ಷರ ಹತ್ತುತ್ತೇನಪ್ಪಾ?” ಎಂದು ಅವರು ಕೇಳುತ್ತಿದ್ದರು.

ಇದು ಒಂದು ಮನೆಯ ಕಥೆಯಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಸರಕಾರಿ ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಶೇಕಡಾ 92 ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಕಲಿತವರೇ ಮರೆತರೆಂದ ಮೇಲೆ ಇನ್ನೂ ಕಲಿಯದವರ ಪಾಡೇನು?

ರೋಗವಿದ್ದಾಗ ಬೇರೆ ಮಾರ್ಗವೆಲ್ಲಿತ್ತೆಂದು ಕೆಲವರು ಕೇಳಬಹುದು. ಮಾರ್ಗವಿತ್ತು. 2020ರ ಆಗಸ್ಟಿನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಲ್ಲಿ ಉಪಾಧ್ಯಾಯರೇ ಊರೂರಿಗೆ ಹೋಗಿ, ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳ ಸಣ್ಣ ಗುಂಪುಗಳಿಗೆ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಗುಂಪನ್ನು ಇನ್ನೂ ಚಿಕ್ಕದು ಮಾಡಿ ಮುಂದುವರಿಸುವುದಕ್ಕೂ, ಮನೆಯ ಫೋನನ್ನೇ ಶಾಲೆಯೆಂದು ಕರೆಯುವುದಕ್ಕೂ ಬಹಳ ಅಂತರವಿದೆ.

ಈ ಪ್ರಶ್ನೆ ಕೊರೋನಾದೊಡನೆ ಮುಗಿದುಹೋಗಲಿಲ್ಲ. 2024ರ ನವೆಂಬರಿನಲ್ಲಿ ದೆಹಲಿಯಲ್ಲಿ ಹೊಗೆ ಕವಿದಾಗ ಅಲ್ಲಿಯ ಪ್ರಾಥಮಿಕ ತರಗತಿಗಳನ್ನು ಆನ್‌ಲೈನಿಗೆ ತಿರುಗಿಸಿದರು. ನಾಳೆ ಮಳೆಗೋ ಮತ್ತೊಂದು ರೋಗಕ್ಕೋ ನಮ್ಮಲ್ಲಿಯೂ ಹಾಗಾಗಬಹುದು. ಓದುಬರೆಹ ಬಲ್ಲ ಮನೆಯ ಮಗು ಅದನ್ನು ಹೇಗೋ ದಾಟೀತು. ಆ ಮನೆಯಲ್ಲಿ ಇನ್ನೊಬ್ಬ ಗುರುವಿದ್ದಾನೆ. ಸರಕಾರಿ ಶಾಲೆಯೊಂದೇ ಗತಿಯಾದ ಮಗು ಹಿಂದೆ ಬೀಳುವುದು. ಸರಕಾರಿ ಶಾಲೆ ಹುಟ್ಟಿದ್ದೇ ಈ ಅಂತರವನ್ನು ಕಡಿಮೆ ಮಾಡುವುದಕ್ಕಲ್ಲವೇ?

ಆದುದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠವನ್ನು ಶಾಲೆಯ ದಿನವೆಂದು ಎಣಿಸಬಾರದು. ಶಾಲೆ ಮುಚ್ಚಲೇಬೇಕಾದಲ್ಲಿ ಗುರುವನ್ನು ಮಗುವಿದ್ದಲ್ಲಿಗೆ ಕಳುಹಿಸುವ ಏರ್ಪಾಡು ಮುಂಚಿತವಾಗಿಯೇ ಇರಬೇಕು; ಊರಿನಲ್ಲಿರುವ ನಮ್ಮಂತಹ ಕಾಲೇಜು ವಿದ್ಯಾರ್ಥಿಗಳನ್ನೂ ಅದಕ್ಕೆ ಕರೆಯಬೇಕು. ಕರೆದರೆ ಹೋಗಲು ನಾವು ಸಿದ್ಧರಿರಬೇಕು.