ಕಿಸೆಯಿಲ್ಲದ ಯೋಧೆ

ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ಒಮ್ಮೆ ಹತ್ತಿರ ನಿಂತು ನೋಡಿ. ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ. ತಲೆ, ಕಿವಿ ಸೇರಿಸಿ ಬಿಗಿದ ಟವೆಲ್ಲು. ನಡುವಿಗೆ ಕಟ್ಟಿದ ಉಡಿ. ಒಡೆದು ಒಣಗಿದ ಹತ್ತಿಕಾಯಿಯ ತುದಿ ಸೂಜಿಯಂತೆ ಚುಚ್ಚುತ್ತದೆ, ಮೊಣಕೈವರೆಗೆ ಗೀರುತ್ತದೆ. ಆ ಗೀರಿಗೆ, ಆ ಬಿಸಿಲಿಗೆ, ಬೆಳೆಗೆ ಹೊಡೆದ ಎಣ್ಣೆಗೆ ಅಡ್ಡವಾಗಿ ನಿಲ್ಲುವುದು ಆ ಅಂಗಿಯೊಂದೇ. ಅಂಗಿಯ ಎದೆಯ ಮೇಲೆ ಒಂದು ಕಿಸೆ. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಹೊತ್ತು ಮುಳುಗಿದ ಮೇಲೆ ಕೂಲಿ ರೊಕ್ಕ. ಸೀರೆ ನೇಯ್ದವರು ಹೆಣ್ಣಿಗೆ ಕಿಸೆ ಕೊಟ್ಟಿರಲಿಲ್ಲ. ನನ್ನವ್ವ ಅದನ್ನು ಅಪ್ಪನ ಅಂಗಿಯಿಂದ ತೆಗೆದುಕೊಂಡಳು. ನಾನು ಕಣ್ಣಾರೆ ಕಂಡ ಮೊದಲ ಯುದ್ಧಕವಚ ಅದು.

ಹೋದ ದೀಪಾವಳಿಗೆ ರಾಯಚೂರಿನಿಂದ ಅಕ್ಕನ ಮಗ ಮಾನ್ವಿಗೆ ಬಂದಿದ್ದ. ಒಂಬತ್ತನೇ ಇಯತ್ತೆ. ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಆಟ. ಅವನ ಆಟದಲ್ಲೊಬ್ಬ ಹೆಣ್ಣು ಯೋಧೆ. ಪುಗಸಟ್ಟೆ ಸಿಗುವ ಉಡುಪಿನಲ್ಲಿ ಅವಳಿಗೆ ಪ್ಯಾಂಟು, ಜಾಕೀಟು, ಬೂಟು ಎಲ್ಲ ಇತ್ತು. ‘ಹೊಸಾ ಸ್ಕಿನ್ ಬಂದೈತಿ’ ಅಂತ ಬೆರಳು ಸರಿಸಿದ. ಅದೇ ಹೆಣ್ಣು, ಅದೇ ಬಂದೂಕು, ಅದೇ ರಣರಂಗ. ಈಗ ಎದೆಯ ಮೇಲೊಂದು ಪಟ್ಟಿ, ನಡುವಿಗೊಂದು ಪಟ್ಟಿ, ಕಾಲಿಗೆ ಎತ್ತರದ ಹಿಮ್ಮಡಿ. ಅದರ ಬೆಲೆ ಅವ್ವನ ಎರಡು ದಿನದ ಕೂಲಿ. ಅವ್ವ ಫೋನು ಇಸಕೊಂಡು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: ‘ಯಪ್ಪಾ, ಈಕಿ ಕೂಲಿ ರೊಕ್ಕ ಎಲ್ಲಿ ಇಟ್ಕಂತಾಳ?’

ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಅಂದಿನಿಂದ ಆ ಪ್ರಶ್ನೆ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿದೆ.

ಸ್ಕಿನ್ ಎಂದರೆ ಚರ್ಮ. ಆಟದ ಮಾರುಕಟ್ಟೆಯಲ್ಲಿ ಉಡುಪಿಗಿಟ್ಟ ಹೆಸರು ಇದು. ನಾನು ಚರ್ಮ ಹದ ಮಾಡಿದ ಕೇರಿಯವಳು. ಸತ್ತ ದನದ ಚರ್ಮ ಸುಲಿದು, ಸುಣ್ಣದ ನೀರಿಗೆ ಹಾಕಿ, ತಂಗಡಿ ತೊಗಟೆಯಲ್ಲಿ ನೆನೆಸಿ, ಊರಿನ ಕಾಲಿಗೆ ಮೆಟ್ಟು ಮಾಡಿ ಕೊಟ್ಟವರು ನಮ್ಮ ಹಿರಿಯರು. ಅದಕ್ಕೆ ಊರು ನಮ್ಮನ್ನು ಮುಟ್ಟಲಿಲ್ಲ. ಆಟ ಮಾರುವವರು ಬದುಕಿರುವ ಹೆಣ್ಣಿನ ರೂಪವನ್ನೇ ಸುಲಿದು, ಬೆಲೆಪಟ್ಟಿ ಹಚ್ಚಿ, ಮಕ್ಕಳ ಕೈಗೆ ಕೊಡುತ್ತಾರೆ. ಇವರನ್ನು ಯಾವ ಊರೂ ಹೊರಗಿಡುವುದಿಲ್ಲ. ಇವರಿಗೆ ರತ್ನಗಂಬಳಿ.

ಈ ಸುಲಿಗೆ ಹೊಸದಲ್ಲ. 1986ನೇ ಇಸವಿಯ ಮೇಲೆ ಬೆರಳಿಟ್ಟು ತೋರಿಸುತ್ತೇನೆ. ಆ ವರ್ಷದ ಮಾರ್ಚಿನಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ದೇವಿಯ ಹೆಸರಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ತಡೆಯಲು ದಲಿತ ಸಂಘರ್ಷ ಸಮಿತಿಯವರು ಹೋದರು. ರೊಚ್ಚಿಗೆದ್ದ ಗುಂಪು ಕಾರ್ಯಕರ್ತರನ್ನು ಹೊಡೆಯಿತು; ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಬಿಚ್ಚಿ ಓಡಾಡಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಮೆಟ್ರಾಯ್ಡ್’ ಎಂಬ ಆಟ ಹೊರತಂದಿತು. ಅಡಿಯಿಂದ ಮುಡಿಯವರೆಗೆ ಉಕ್ಕು ತೊಟ್ಟ ವೀರ ಅನ್ಯಗ್ರಹವೊಂದಕ್ಕೆ ಇಳಿದು ಕಾದುವ ಆಟ. ಕೊನೆಯಲ್ಲಿ ಶಿರಸ್ತ್ರಾಣ ಕಳಚಿದಾಗ ಗೊತ್ತಾಗುತ್ತದೆ, ವೀರ ಹೆಣ್ಣು, ಹೆಸರು ಸ್ಯಾಮಸ್. ಲೋಕವೇ ಬೆರಗಾಗಬೇಕಿದ್ದ ಗಳಿಗೆ ಅದು. ಅದನ್ನು ಏನು ಮಾಡಿದರು ಗೊತ್ತೇ? ಆಟ ಬೇಗ ಮುಗಿಸಿದಷ್ಟೂ ಅವಳ ಮೈಮೇಲಿನ ಬಟ್ಟೆ ಕಡಿಮೆ. ಒಂದು ತಾಸಿನೊಳಗೆ ಗೆದ್ದವನಿಗೆ ಅವಳು ಬಿಕಿನಿಯಲ್ಲಿ ನಿಂತು ಕೈ ಬೀಸುತ್ತಾಳೆ. ರಕ್ಕಸರನ್ನು ಕೊಂದವಳು ಅವಳು; ಬಹುಮಾನವಾಗಿ ಬಿಚ್ಚಲ್ಪಟ್ಟವಳೂ ಅವಳೇ. 2014ರ ಹೊತ್ತಿಗೆ ‘ಸ್ಮ್ಯಾಶ್ ಬ್ರದರ್ಸ್’ ಆಟದಲ್ಲಿ ಕವಚವಿಲ್ಲದ ಅವಳ ಅವತಾರಕ್ಕೆ ಎತ್ತರ ಹಿಮ್ಮಡಿಯ ಬೂಟೂ ಬಂತು. ಹಿಮ್ಮಡಿ ತೊಟ್ಟು ಯಾವ ಯುದ್ಧ?

1986ರ ಡಿಸೆಂಬರಿನಲ್ಲಿ ನಮ್ಮ ಸಂಸತ್ತು ಮಹಿಳೆಯರ ಅಸಭ್ಯ ಚಿತ್ರಣ ತಡೆ ಕಾಯ್ದೆಯನ್ನೂ ಪಾಸು ಮಾಡಿತು. ದೇವಿಯ ಹೆಸರಲ್ಲಿ ಬಿಚ್ಚಿದರು, ಆಟದ ಹೆಸರಲ್ಲಿ ಬಿಚ್ಚಿದರು, ಕಾನೂನು ಕಪಾಟಿನಲ್ಲಿ ಕೂತಿತು. ನಾಲ್ಕು ದಶಕ ಕಳೆದರೂ ಕತ್ತರಿ ಹಿಡಿದ ಕೈ ಬದಲಾಗಿಲ್ಲ.

ಆ ಕತ್ತರಿ ಹೇಗೆ ಕೆಲಸ ಮಾಡುತ್ತದೆಂದು ತಿಳಿದಿರಲಿ. ಮೊದಲು ಒಬ್ಬ ಕಲಾವಿದ ಪಾತ್ರದ ಚಿತ್ರ ಬರೆಯುತ್ತಾನೆ. ಇನ್ನೊಬ್ಬ ಅದಕ್ಕೆ ಮೂರು ಆಯಾಮದ ಮೈ ಕೊಡುತ್ತಾನೆ. ಮತ್ತೊಬ್ಬ ಒಳಗೆ ಎಲುಬುಗಳನ್ನು ಜೋಡಿಸಿ ನಡೆಸುತ್ತಾನೆ. ಎದೆ ಎಷ್ಟು ಕುಲುಕಬೇಕು, ನಡೆದರೆ ನಿತಂಬ ಎಷ್ಟು ತೂಗಬೇಕು ಎಂಬುದಕ್ಕೂ ಅಂಕಿ ತುಂಬುವವರಿದ್ದಾರೆ. ಕ್ಯಾಮೆರಾ ಬೆನ್ನ ಹಿಂದೆ ಎಲ್ಲಿ, ಎಷ್ಟು ಕೆಳಗೆ ನಿಲ್ಲಬೇಕೆಂಬುದೂ ಮೇಜಿನ ಮೇಲೆ ತೀರ್ಮಾನವಾಗುತ್ತದೆ. ಗಂಡು ಸೈನಿಕನ ಕವಚ ಎದೆ ಮುಚ್ಚುತ್ತದೆ; ಹೆಣ್ಣು ಸೈನಿಕಳ ಕವಚ ಎದೆಯ ಮೇಲೇ ಬಾಯಿ ತೆರೆಯುತ್ತದೆ. ಬಾಣ ನಾಟುವ ಜಾಗವನ್ನೇ ತೆರೆದಿಟ್ಟು ಅದನ್ನು ಕವಚ ಎನ್ನುತ್ತಾರೆ. ಇದ್ಯಾವುದೂ ಕೈತಪ್ಪಿ ಆಗಿದ್ದಲ್ಲ. ಪ್ರತಿ ಗೇಣು ಬಟ್ಟೆಯನ್ನೂ ಯಾರೋ ಅಳೆದು ಕತ್ತರಿಸಿದ್ದಾರೆ.

ಇದೆಲ್ಲ ಜಪಾನ್, ಅಮೆರಿಕದ ಪಾಪ ಎಂದು ಕೈ ತೊಳೆದುಕೊಳ್ಳಬೇಡಿ. 1997ರಲ್ಲೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಹುಟ್ಟಿ, ಹೊರದೇಶದ ಆಟಗಳಿಗೆ ಚಿತ್ರ ಮಾಡಿಕೊಡುವ ಕಸುಬಿಗೆ ದಾರಿ ತೆರೆಯಿತು. ಆನಿಮೇಶನ್, ಗೇಮಿಂಗ್ ಉದ್ಯಮಕ್ಕೆಂದೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, ಅದು 2012ರಲ್ಲಿ. 2024ರಲ್ಲಿ ಹೊಸ ನೀತಿಯೂ ಬಂತು. ಲೋಕ ಆಡುವ ಆಟಗಳ ಮೈಗಳು ನಮ್ಮ ನಾಡಿನ ಕೈಗಳಲ್ಲೂ ರೂಪುಗೊಳ್ಳುತ್ತವೆ. ಆ ಕೈಗಳಿಗೆ ಸರ್ಕಾರ ಕೊಡುವ ನೆರವಿನಲ್ಲಿ ನನ್ನವ್ವ ಬೆಂಕಿಪೊಟ್ಟಣಕ್ಕೆ ಕೊಟ್ಟ ತೆರಿಗೆಯೂ ಸೇರಿದೆ. ಹಾಗಾಗಿ ಕೇಳುವ ಹಕ್ಕು ನನಗಿದೆ: ಹೆಣ್ಣಿನ ರೂಪ ತೀರ್ಮಾನವಾಗುವ ಮೇಜಿನ ಸುತ್ತ ಮಾನ್ವಿಯ ಹುಡುಗಿ ಯಾಕಿಲ್ಲ?

ಈಗ ಸಂಸ್ಕೃತಿ ಕಾಯುವವರು ಎದ್ದು ಬರುತ್ತಾರೆ, ‘ನಾವೂ ಅದನ್ನೇ ಹೇಳುವುದು, ಹೆಣ್ಣು ಮೈ ಮುಚ್ಚಿಕೊಳ್ಳಲಿ’ ಎಂದು. ನಿಲ್ಲಿ ಅಲ್ಲೇ. ನನ್ನ ಜಗಳದಲ್ಲಿ ನಿಮಗೆ ಪಾಲಿಲ್ಲ. 2012ರಲ್ಲಿ ‘ಸ್ಮೈಟ್’ ಎಂಬ ಅಮೆರಿಕದ ಆಟದಲ್ಲಿ ಕಾಳಿಯನ್ನು ಅರೆಬಟ್ಟೆಯ ಬೆಡಗಿಯಾಗಿ ತಿದ್ದಿದ್ದಕ್ಕೆ ದೇವಿಗೆ ಅವಮಾನವಾಯಿತೆಂದು ಹಿಂದೂ ಮುಖಂಡರು ಸಿಡಿದೆದ್ದರು. ಇಂಥ ಆಟಗಳಲ್ಲಿ ದೇವಿಯರಲ್ಲದ ಸಾವಿರ ಹೆಣ್ಣುಗಳ ಪಾಡಿಗೆ ಯಾರ ರಕ್ತವೂ ಕುದಿಯಲಿಲ್ಲ. ಕಾಳಿಗೆ ಬಟ್ಟೆ ಎಂದಾದರೂ ಬೇಕಿತ್ತೇ? ರುಂಡಮಾಲೆ ಧರಿಸಿ, ನಾಲಗೆ ಚಾಚಿ ನಿಂತ ಬೆತ್ತಲೆ ಕಾಳಿಯನ್ನು ಕಂಡರೆ ಗಂಡಸಿಗೆ ನಡುಕ ಬರುತ್ತದೆ, ಆಸೆ ಬರುವುದಿಲ್ಲ. ಆಟದವರು ಕದ್ದದ್ದು ಅವಳ ಬಟ್ಟೆಯನ್ನಲ್ಲ, ಅವಳ ಭಯವನ್ನು.

ಅಕ್ಕಮಹಾದೇವಿ ಬಟ್ಟೆ ಬಿಟ್ಟಳು. ಬಿಟ್ಟವಳು ಅವಳೇ. ಅರಮನೆಯ ರೇಷ್ಮೆಯನ್ನೂ ಅರಸನನ್ನೂ ಒಟ್ಟಿಗೆ ಒದ್ದು ಬಂದಳು. ಬಿಟ್ಟವಳಿಗೂ ಬಿಚ್ಚಿಸಿಕೊಂಡವಳಿಗೂ ನಡುವೆ ಒಂದು ಕೃಷ್ಣಾ ನದಿಯಷ್ಟು ಅಂತರವಿದೆ. ನನ್ನ ಜಗಳ ಬಟ್ಟೆಯ ಅಳತೆಯದಲ್ಲ. ಅಳೆಯುವವರು ಯಾರು, ಅದಷ್ಟೇ.

ಈ ಪ್ರಶ್ನೆಯ ಉರಿ ನಮ್ಮ ಜಿಲ್ಲೆಗೆ ಗೊತ್ತು. ಹುಡುಗಿ ಮೈನೆರೆಯುವ ಮೊದಲೇ ಕೊರಳಿಗೆ ಮುತ್ತು ಕಟ್ಟಿ, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ‘ದೇವರವಳು’ ಎಂದರು. ಅವಳ ರೂಪವನ್ನು ಊರು ಹೊಸದಾಗಿ ತಿದ್ದಿತು. ಯಾರ ಕಣ್ಣಿಗಾಗಿ ಎಂದು ಊರಿಗೆ ಗೊತ್ತಿತ್ತು. 1982ರಲ್ಲಿ ದೇವದಾಸಿ ಪದ್ಧತಿ ತಡೆಯುವ ಕಾಯ್ದೆ ಬಂತು. ಆಮೇಲೂ 1993-94 ಮತ್ತು 2007-08ರ ಸಮೀಕ್ಷೆಗಳೆರಡೂ ಸೇರಿ ರಾಜ್ಯದಲ್ಲಿ 46,660 ದೇವದಾಸಿ ತಾಯಂದಿರನ್ನು ಎಣಿಸಿದವು. ದೇವದುರ್ಗ, ಮಾನ್ವಿಯ ಕೇರಿಗಳಲ್ಲಿ ಅವರ ಮನೆಗಳಿವೆ, ಅವರ ಮಕ್ಕಳಿದ್ದಾರೆ, ಆ ಮಕ್ಕಳ ಕೈಯಲ್ಲೂ ಫೋನಿದೆ. ಹೆಣ್ಣಿನ ಮೈ ಆಡುವವನ ಹಕ್ಕು ಎಂದು ಆ ಫೋನು ಮತ್ತೆ ಕಲಿಸುವಾಗ ನಾನು ಅದನ್ನು ಬರೀ ಆಟ ಎಂದು ಸುಮ್ಮನಿರಬೇಕೇ?

ಆಟಗಳು ಬದಲಾಗುವುದಿಲ್ಲ ಎನ್ನಬೇಡಿ. 1996ರಲ್ಲಿ ಎದೆಯ ಗಾತ್ರಕ್ಕೇ ಹೆಸರಾದ ‘ಟೂಂಬ್ ರೇಡರ್’ನ ಲಾರಾ ಕ್ರಾಫ್ಟ್ 2013ರಲ್ಲಿ ಉದ್ದ ಪ್ಯಾಂಟು ತೊಟ್ಟು, ಕೆಸರು, ಗಾಯ, ನೆತ್ತರಿನೊಂದಿಗೆ ಮನುಷ್ಯಳಾಗಿ ಮರಳಿದಳು. 2019ರ ‘ಮಾರ್ಟಲ್ ಕಾಂಬ್ಯಾಟ್’ನಲ್ಲಿ ಹೆಣ್ಣು ಕಾದಾಳುಗಳಿಗೆ ಕಾದಾಡುವ ಬಟ್ಟೆ ಬಂತು. ಅಷ್ಟಕ್ಕೇ ಗಂಡಸರ ಗುಂಪೊಂದು ‘ನಮ್ಮ ಆಟ ಕೆಡಿಸಿದರು’ ಎಂದು ಎದೆ ಬಡಿದುಕೊಂಡಿತು. ಆಟಗಳಲ್ಲಿ ಹೆಣ್ಣನ್ನು ಹೇಗೆ ತೋರಿಸುತ್ತಾರೆಂದು ಸರಣಿ ವಿಡಿಯೊ ಮಾಡಿದ ಅನಿತಾ ಸರ್ಕೀಸಿಯನ್ 2014ರಲ್ಲಿ ಅಮೆರಿಕದ ಯೂಟಾದ ವಿಶ್ವವಿದ್ಯಾಲಯವೊಂದರಲ್ಲಿ ಮಾತಾಡಬೇಕಿತ್ತು. ಗುಂಡಿಟ್ಟು ಕೊಲ್ಲುವ ಬೆದರಿಕೆ ಬಂದು ಭಾಷಣ ರದ್ದಾಯಿತು. ಒಂದು ಗೇಣು ಬಟ್ಟೆಗಾಗಿ ಬಂದೂಕು ತೋರಿಸುವವರು ಅದನ್ನು ‘ಬರೀ ಆಟ’ ಎನ್ನುವುದನ್ನು ನಾನು ನಂಬುವುದಿಲ್ಲ.

ನಮ್ಮವರ ಮೇಲೂ ನನಗೆ ಸಿಟ್ಟಿದೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದವರು ಪುರಾಣವನ್ನು ಕೆದಕಿದರು, ಕಾದಂಬರಿಯನ್ನು ಜಾಲಾಡಿದರು, ಸಿನಿಮಾವನ್ನು ಕಟಕಟೆಗೆ ತಂದರು. ಇವತ್ತು ನಮ್ಮ ಮಕ್ಕಳು ಕಾದಂಬರಿಗಿಂತ ಹೆಚ್ಚು ಹೊತ್ತು ಆಟದೊಳಗೆ ಬದುಕುತ್ತಾರೆ. ಈ ಹೊಸ ಪುರಾಣವನ್ನು ಓದುವವರು ನಮ್ಮಲ್ಲಿ ಎಲ್ಲಿ?

ನಾನು ನಿಷೇಧ ಕೇಳುತ್ತಿಲ್ಲ. ಪೆನ್ಸಿಲ್ ಕೇಳುತ್ತಿದ್ದೇನೆ. ಗೇಮಿಂಗ್ ನೀತಿಯ ದುಡ್ಡು ಬೆಂಗಳೂರಿನ ಗಾಜಿನ ಕಟ್ಟಡ ದಾಟಿ ರಾಯಚೂರಿಗೆ ಬರಲಿ. ನಮ್ಮ ಸರ್ಕಾರಿ ಕಾಲೇಜುಗಳ ಹುಡುಗಿಯರು ಆ ಕಸುಬು ಕಲಿಯಲಿ. ಆಟಕ್ಕೆ ಕಥೆ ಬೇಕಾದರೆ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಯಿತೆಂದು ತಿರುಗಿ ಸುರಿದು ಬರಲು ಕಳಿಸಿದವಳು. ಆಸೆಯನ್ನೇ ಎದುರಿಸಿ ನಿಂತ ಆ ಹೆಣ್ಣನ್ನು ಆಡಲು ಕೊಡಿ. ಅವಳ ನಡು ಎಷ್ಟು ಸಣ್ಣ ಎಂದು ಮಾತ್ರ ಕೇಳಬೇಡಿ.

ಬೆಂಗಳೂರಿನ ಕಲಾವಿದರೇ, ಮುಂದಿನ ಯೋಧೆಯನ್ನು ಬರೆಯುವ ಮುನ್ನ ಹತ್ತಿ ಸುಗ್ಗಿಯಲ್ಲಿ ದೇವದುರ್ಗಕ್ಕೆ ಬನ್ನಿ. ನನ್ನವ್ವನ ಸಾಲಿನ ಪಕ್ಕದ ಸಾಲು ಹಿಡಿಯಿರಿ. ಹೊತ್ತು ಮುಳುಗುವವರೆಗೆ ಬಿಡಿಸಿ. ಕೈ ಗೀರಲಿ, ಬೆನ್ನು ಸುಡಲಿ. ಸಂಜೆ ಕೂಲಿ ಎಣಿಸಿ ಕೊಟ್ಟಾಗ ಅವಳ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ಹೆಣ್ಣಿನ ಎದೆಯ ಮೇಲೆ ಏನಿರುತ್ತದೆ ಎಂದು ಆಗ ಬರೆಯಿರಿ.