ಪ್ರತ್ಯೇಕ ಸಾಲು ಮತ್ತು ಮುಚ್ಚಿದ ಬಾಗಿಲು

'ಸೆಗ್ರಿಗೇಶನ್' ಎಂಬ ಇಂಗ್ಲಿಷ್ ಪದ ಲ್ಯಾಟಿನ್ ಮೂಲದ್ದು. ಹಿಂಡಿನಿಂದ ಬೇರ್ಪಡಿಸುವುದು ಎಂಬುದು ಅದರ ಮೂಲಾರ್ಥ. ರೈಲಿನಲ್ಲಿ ಬಿಳಿಯರಿಗೂ ಕರಿಯರಿಗೂ ಪ್ರತ್ಯೇಕ ಬೋಗಿಗಳಿರಬಹುದು, ಸೌಲಭ್ಯಗಳು ಸಮಾನವಾಗಿದ್ದರೆ ಸಾಕು ಎಂದು ಅಮೆರಿಕದ ಸುಪ್ರೀಮ್ ಕೋರ್ಟು 1896ರಲ್ಲಿ ತೀರ್ಪಿತ್ತಿತು. ಆ ಸಮಾನತೆ ಕಾಗದದಲ್ಲೇ ಉಳಿಯಿತು. ಶಾಲಾ ಮಕ್ಕಳನ್ನು ಬಣ್ಣದ ಆಧಾರದಲ್ಲಿ ಬೇರ್ಪಡಿಸುವುದೇ ಅಸಮಾನತೆ ಎಂದು 1954ರಲ್ಲಿ ಅದೇ ನ್ಯಾಯಾಲಯ ಹೇಳಬೇಕಾಯಿತು.

ಈ ಮನೋಭಾವ ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಬಿಲಾಲ್(ರ), ಇಬ್ನು ಮಸ್‌ಊದ್(ರ)ರಂತಹ ದುರ್ಬಲ ವರ್ಗದ ಅನುಯಾಯಿಗಳನ್ನು ದೂರವಿರಿಸಬೇಕೆಂದು ಮಕ್ಕಾದ ಕುರೈಶ್ ಮುಖಂಡರು ಪ್ರವಾದಿ(ಸ)ರಲ್ಲಿ ಬೇಡಿಕೆಯಿಟ್ಟಿದ್ದರು. ಅವರೊಂದಿಗೆ ಒಂದೇ ಸಭೆಯಲ್ಲಿ ಕೂರುವುದು ಆ ಪ್ರಮುಖರಿಗೆ ಅವಮಾನವೆನಿಸಿತ್ತು. ಪ್ರಭುವನ್ನು ಮುಂಜಾನೆ, ಸಂಜೆ ಪ್ರಾರ್ಥಿಸುವವರನ್ನು ದೂರ ತಳ್ಳಬಾರದೆಂದು ಅಲ್ಲಾಹನು ಆದೇಶಿಸಿದನು (ಪವಿತ್ರ ಕುರ್‌ಆನ್ 6:52). ಪ್ರಮುಖರ ಬೆಂಬಲ ಅತ್ಯಗತ್ಯವಾಗಿದ್ದ ಕಾಲದಲ್ಲೂ ಇಸ್ಲಾಮ್ ಈ ಷರತ್ತಿಗೆ ಮಣಿಯಲಿಲ್ಲ.

ಇಂದು ಮಸೀದಿಯಲ್ಲಿ ಸ್ತ್ರೀಯರಿಗೂ ಪುರುಷರಿಗೂ ಪ್ರತ್ಯೇಕ ಸಾಲುಗಳಿರುವುದನ್ನೂ ಇದೇ ಪದದಿಂದ ಕರೆಯಲಾಗುತ್ತದೆ. ಎರಡೂ ಒಂದೇ ಏನು? ಮಾಲ್ಕಮ್ ಎಕ್ಸ್ ಇಲ್ಲೊಂದು ವ್ಯತ್ಯಾಸವನ್ನು ಗುರುತಿಸಿದ್ದರು. ಬಲಾಢ್ಯರು ದುರ್ಬಲರ ಮೇಲೆ ಹೇರುವುದು ಸೆಗ್ರಿಗೇಶನ್. ಸಮಾನರು ಸ್ವಇಚ್ಛೆಯಿಂದ ಬೇರೆಯಾಗಿರುವುದು ಅದಲ್ಲ. ಅಂದು ಬಿಳಿಯರಿಂದ ಬೇರೆಯಾಗಿ ಬದುಕುವುದನ್ನೇ ಬಯಸಿದ್ದ ಅವರು, 1964ರ ಹಜ್ಜ್ ಯಾತ್ರೆಯಲ್ಲಿ ಬಿಳಿಯ ಮುಸ್ಲಿಮರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡ ಬಳಿಕ ತಮ್ಮ ಹಲವು ನಿಲುವುಗಳನ್ನು ತಿದ್ದಿಕೊಂಡರು.

ಆದ್ದರಿಂದ ಕೇಳಬೇಕಾದ ಪ್ರಶ್ನೆ, ಈ ಗೆರೆಯನ್ನು ಎಳೆದವರು ಯಾರು ಮತ್ತು ಅದರಿಂದ ಯಾರ ಗೌರವ ಕುಂದುತ್ತದೆ ಎಂಬುದು. ಇದನ್ನು ನಾವು ಇತರರಿಗೆ ಮಾತ್ರ ಕೇಳಿದರೆ ಸಾಲದು. ಪ್ರವಾದಿ(ಸ)ರ ಮಸೀದಿಯಲ್ಲಿ ಸ್ತ್ರೀಯರ ಸಾಲು ಹಿಂದಿತ್ತು ನಿಜ, ಆದರೆ ಅದು ಅದೇ ಮಸೀದಿಯಲ್ಲಿತ್ತು. ಸ್ತ್ರೀಯರನ್ನು ಮಸೀದಿಗಳಿಂದ ತಡೆಯಬಾರದೆಂದು ಅವರು ಬೋಧಿಸಿದ್ದರು. ನಮಾಝಿನ ಹೊತ್ತಿನಲ್ಲಿ ಪೇಟೆಗೆ ಬಂದ ಸ್ತ್ರೀಗೆ ನಮ್ಮ ಮಸೀದಿಯಲ್ಲಿ ವುಝೂ ಮಾಡಲು ನೀರು, ನಿಲ್ಲಲು ಒಂದು ಮೂಲೆ ಇಲ್ಲವೆಂದಾದರೆ, ಅದನ್ನು ಪ್ರತ್ಯೇಕ ಸಾಲು ಎಂದು ಸಮರ್ಥಿಸಲಾಗದು. ಅಲ್ಲಿರುವುದು ಮುಚ್ಚಿದ ಬಾಗಿಲು. ಶ್ರೀಮಂತ ಮತ್ತು ಕೂಲಿಕಾರ ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ಸಲಾಮ್ ಹೇಳಿದ ಬಳಿಕ ಮದುವೆಯ ಔತಣಕ್ಕೆ ಬೇರೆ ಬೇರೆ ಪಂಕ್ತಿ ಹುಡುಕುವುದಾದರೆ, ಕುರೈಶರ ಷರತ್ತನ್ನು ನಾವೂ ಒಪ್ಪಿಕೊಂಡಂತಾಗುತ್ತದೆ.

ಅಲ್ಲಾಹನ ಬಳಿ ಶ್ರೇಷ್ಠತೆಗಿರುವ ಮಾನದಂಡ ದೇವಭಯವೊಂದೇ. ಆ ಮಾನದಂಡವನ್ನು ಮೊದಲು ನಮ್ಮ ಅಂಗಳದಲ್ಲೇ ಬಳಸೋಣ.