ಶಾಸಕರನ್ನು ಹೊರಗಿಟ್ಟರೆ ಕಟ್ಟಡ ಉಳಿಯುವುದಿಲ್ಲ

ಹಳೆಯ ಸರ್ಕಾರಿ ಕಟ್ಟಡಗಳ ಸಂರಕ್ಷಣೆ, ಅಲ್ಲಿನ ಕಲಾಕೃತಿಗಳ ಆಯ್ಕೆ ತಜ್ಞರಿಗೇ ಇರಲಿ, ಶಾಸಕರು ಕೈಹಾಕಿದರೆ ರಾಜಕೀಯ ನುಸುಳುತ್ತದೆ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಆ ಭಯಕ್ಕೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಲೇಖಕರು ಉದಾಹರಿಸಿದ ಆಸ್ಟ್ರೇಲಿಯಾದಲ್ಲೇ ಈ ವಾದ ನಿಲ್ಲುವುದಿಲ್ಲ.

ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಾಜಧಾನಿ ಬ್ರಿಸ್ಬೇನ್‌ನ ಸಂಸತ್ ಭವನದ ಎದುರಿದ್ದ ಬೆಲ್‌ವ್ಯೂ ಹೋಟೆಲ್ ಸರ್ಕಾರದ್ದೇ ಆಸ್ತಿ. ಅದನ್ನು ಉಳಿಸಿ ಎಂದು ಪರಂಪರೆ ಸಂರಕ್ಷಣಾ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಕೇಳಿಕೊಂಡಿತ್ತು, ಜನ ಬೀದಿಗಿಳಿದಿದ್ದರು. ಆದರೂ 1979ರ ಏಪ್ರಿಲ್‌ನಲ್ಲಿ, ಪ್ರೀಮಿಯರ್ (ಅಲ್ಲಿನ ಮುಖ್ಯಮಂತ್ರಿ) ಜೋ ಬ್ಯೆಲ್ಕೆ-ಪೀಟರ್ಸನ್ ಸರ್ಕಾರದ ಕಾಲದಲ್ಲಿ, ನಡುರಾತ್ರಿ ಅದನ್ನು ನೆಲಸಮ ಮಾಡಿದರು. ತಜ್ಞರ ಅಭಿಪ್ರಾಯಕ್ಕೆ ಕೊರತೆ ಇರಲಿಲ್ಲ. ಸರ್ಕಾರದ ಕೈ ಹಿಡಿಯಬಲ್ಲ ಕಾನೂನು ಇರಲಿಲ್ಲ. ಕ್ವೀನ್ಸ್‌ಲ್ಯಾಂಡ್ ಪಾರಂಪರಿಕ ಕಾಯ್ದೆ ಬಂದದ್ದು 1992ರಲ್ಲಿ. ಅದನ್ನು ತಂದದ್ದು ಶಾಸನಸಭೆಯೇ ಅಲ್ಲವೇ?

ಪರ್ತ್‌ನಲ್ಲಿ 1966ರಲ್ಲಿ ಹೆದ್ದಾರಿಗಾಗಿ ಹಳೆಯ ಬ್ಯಾರಕ್ಸ್ ಕೆಡವಲಾಯಿತು. ಮುಂಭಾಗದ ಕಮಾನೂ ಹೋಗಲಿ ಎಂದರು ಪ್ರೀಮಿಯರ್ ಡೇವಿಡ್ ಬ್ರ್ಯಾಂಡ್. ವಿಷಯ ಸದನದಲ್ಲಿ ಮತಕ್ಕೆ ಬಂದಾಗ ಪ್ರೀಮಿಯರ್ ಸೋತರು, ಕಮಾನು ಉಳಿಯಿತು.

ಕಲೆಯ ಮಾತಿಗೆ ಬಂದರೆ, ಅಡಿಲೇಡ್ ನೋಡಿ. ದಕ್ಷಿಣ ಆಸ್ಟ್ರೇಲಿಯಾದ ಹೆಣ್ಣುಮಕ್ಕಳಿಗೆ 1894ರಲ್ಲಿ ಸಿಕ್ಕ ಮತದಾನದ ಹಕ್ಕಿನ ಶತಮಾನೋತ್ಸವಕ್ಕೆ ನೇಯ್ದ ಚಿತ್ರವಸ್ತ್ರಗಳು ಅಲ್ಲಿನ ವಿಧಾನಸಭೆಯ ಸಭಾಂಗಣದಲ್ಲೇ ತೂಗುತ್ತಿವೆ. ಅದೂ ರಾಜಕೀಯವೇ. ಅದನ್ನು ಲೇಖಕರು ತೆಗೆಸುತ್ತಾರೆಯೇ?